ಪಾಂಡವರ ಕಡೆ ಬಾ, ರಾಜ್ಯವನ್ನೇ ಕೊಡ್ತೀನಿ ಅಂತ ಕೃಷ್ಣ ಕರೆದರೂ ಕರ್ಣ ಒಪ್ಪಲಿಲ್ಲ. ಹಾಗಾದರೆ ಕೃಷ್ಣನ ಮಾತು ಸೋತಿತೇ?

ಸೋಲಲಿಲ್ಲ ಅಂತಲೇ ನನ್ನ ಓದು. ಕುಮಾರವ್ಯಾಸನ ಉದ್ಯೋಗಪರ್ವ ನೋಡಿ. ಕೃಷ್ಣ ವಾದದಿಂದ ಶುರು ಮಾಡುವುದಿಲ್ಲ. ಮೈದುನನ ಸಲಿಗೆಯಲ್ಲಿ ಕರ್ಣನನ್ನು ಎಳೆದು ರಥದಲ್ಲಿ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾನೆ. ನಿಮಗೆ ಸಮನಾಗಿ ಕೂರಲು ಅಂಜಿಕೆ ಅನ್ನುತ್ತಾನೆ ಕರ್ಣ. ಸೂತನ ಮಗ ಅನ್ನಿಸಿಕೊಂಡೇ ಬೆಳೆದವನು, ಅಲ್ವಾ? ಅವನಿಗೆ ಆ ಜಾಗವೇ ದೊಡ್ಡ ಆಮಿಷ.

ಹುಟ್ಟಿನ ಗುಟ್ಟು ಹೇಳಿದ ಮೇಲೆ ಕೃಷ್ಣ ಒಂದು ಓಲಗದ, ಅಂದರೆ ರಾಜಸಭೆಯ, ಚಿತ್ರ ಬಿಡಿಸುತ್ತಾನೆ. ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ನಡುವೆ ನೀನು. ಇಷ್ಟೆಲ್ಲ ಬಿಟ್ಟು ಕುರುಪತಿ ದುರ್ಯೋಧನ ಮಾತಾಡಿಸಿದರೆ 'ಜೀಯ, ಹಸಾದ' (ಒಡೆಯಾ, ಅಪ್ಪಣೆ) ಅನ್ನುವುದು ನಿನಗೆ ಕಷ್ಟ ಅನ್ನುತ್ತಾನೆ. ಅಧಿಕಾರ ಅಂದರೆ ಏನು ಅಂತ ವಿವರಿಸುವುದೇ ಇಲ್ಲ, ಸುಮ್ನೆ ತೋರಿಸಿಬಿಡುತ್ತಾನೆ!

ಆಮೇಲಿನ ಪದ್ಯ 'ಕೊರಳ ಸೆರೆ ಹಿಗ್ಗಿದವು', ಅಂದರೆ ದುಃಖಕ್ಕೆ ಕರ್ಣನ ಕೊರಳ ನರ ಉಬ್ಬಿದವು. ಬಸವನಗುಡಿಯಲ್ಲಿ ಒಮ್ಮೆ ಕಾವ್ಯವನ್ನು ರಾಗವಾಗಿ ಓದುವ ಗಮಕಿಯೊಬ್ಬರು ಇದನ್ನು ವಾಚಿಸಿದಾಗ ಪಕ್ಕದಲ್ಲಿದ್ದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕರ್ಣ ಪಕ್ಷ ಬಿಡಲಿಲ್ಲ, ನಿಜ. ಆದರೆ ಅಲ್ಲೇ ಮನಸ್ಸಿನೊಳಗೆ, ಅಯ್ಯೋ, ಕುರುಪತಿಗೆ ಕೇಡಾಯಿತು ಅಂದುಕೊಳ್ಳುತ್ತಾನೆ. ಎದುರಿಗಿರುವವರು ತಮ್ಮಂದಿರು ಅಂತ ಈಗ ಅವನಿಗೆ ಗೊತ್ತು.