ಹಡಗು, ಬಂದರು, ನದಿಯ ಆರೋಗ್ಯ: ತರಗತಿಯಲ್ಲೇ ಮಾಡಿಸಬಹುದಾದ ಪ್ರಯೋಗಗಳು ಯಾವುವು?

ಎಂಟನೇ ತರಗತಿ ಮಕ್ಕಳಿಗೆ, ದುಬಾರಿ ಸಲಕರಣೆ ಇಲ್ಲದೆ, ಎರಡು ಮೂರು ಪೀರಿಯಡ್‌ನಲ್ಲಿ ಈ ಮೂರೂ ವಿಷಯ ಬರುವಂಥದ್ದು ಬೇಕು ಎಂದು ಕೇಳಿದ್ದೀರಿ. ನನ್ನ ಸಲಹೆ: ನದಿಯ ಸಿಹಿನೀರು ಸಮುದ್ರದ ಉಪ್ಪುನೀರಿಗೆ ಸೇರುವ ಅಳಿವೆಯನ್ನು ಮಧ್ಯದಲ್ಲಿಟ್ಟುಕೊಳ್ಳಿ. ಹಡಗೂ ಬಂದರೂ ಅಲ್ಲೇ ಸಿಗುತ್ತವೆ, ನದಿ ಹೊತ್ತು ತಂದದ್ದೂ ಅಲ್ಲೇ ಕಾಣುತ್ತದೆ. ಇನ್ನೊಂದು ಮಾತು, ಪ್ರತಿಯೊಂದರಲ್ಲೂ ಮಕ್ಕಳು ಅಳತೆ ಬರೆದುಕೊಳ್ಳಲಿ.

ಹಡಗಿಗೆ ಸಾಮಾನ್ಯವಾಗಿ ಮಾಡಿಸುವುದು ಉಪ್ಪುನೀರಿನಲ್ಲಿ ಮೊಟ್ಟೆ ತೇಲಿಸುವ ಪ್ರಯೋಗ. ಅದನ್ನು ಬಿಡಿ. ಮೊಟ್ಟೆ ತೇಲುವಷ್ಟು ಉಪ್ಪು ಸಮುದ್ರದಲ್ಲಿಲ್ಲ. ತಾಜಾ ಮೊಟ್ಟೆ ಸಮುದ್ರದ ನೀರಿನಲ್ಲೂ ಮುಳುಗುತ್ತದೆ. ಬದಲಿಗೆ ಉದ್ದನೆಯ ಪ್ರನಾಳದೊಳಗೆ ಮಿಲಿಮೀಟರ್ ಗ್ರಾಫ್ ಹಾಳೆಯ ಪಟ್ಟಿ ಅಂಟಿಸಿ, 15 ಸೆಂ.ಮೀ. ಮುಳುಗಿ ನೆಟ್ಟಗೆ ನಿಲ್ಲುವಷ್ಟು ಮರಳು ತುಂಬಿಸಿ. 2 ಲೀಟರ್ ಬಾಟಲಿಯ ಕತ್ತು ಕತ್ತರಿಸಿದರೆ ತೊಟ್ಟಿ ಸಿದ್ಧ. ಮೊದಲು ಸಿಹಿನೀರು, ಆಮೇಲೆ ಲೀಟರಿಗೆ 35 ಗ್ರಾಂ ಉಪ್ಪು ಬೆರೆಸಿದ ನೀರು. ಸಮುದ್ರದ ನೀರಿನ ಸಾಂದ್ರತೆ ಸಿಹಿನೀರಿಗಿಂತ ಸುಮಾರು ಶೇ. 2.5 ಹೆಚ್ಚು. ಹಾಗಾಗಿ ಪ್ರನಾಳ 3ರಿಂದ 4 ಮಿ.ಮೀ. ಮೇಲೇಳಬೇಕು. ಅಗಲವಾದ ಡಬ್ಬಿಯನ್ನು ದೋಣಿ ಮಾಡಿಕೊಂಡರೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ, ಏಕೆಂದರೆ ಅದು ಮುಳುಗುವುದೇ ಕೆಲವು ಸೆಂಟಿಮೀಟರ್. ನೀರಿನ ಅಂಚು ಗಾಜಿಗೆ ಅಂಟಿ ಮೇಲೇರಿರುತ್ತದೆ. ಅದರ ತುದಿಯನ್ನಲ್ಲ, ಸಮತಟ್ಟಾದ ಮಟ್ಟವನ್ನು ಓದಬೇಕು. ಎರಡೂ ನೀರಿನ ಬಿಸಿ ಒಂದೇ ಇರಲಿ, ಪ್ರನಾಳ ಗೋಡೆಗೆ ತಾಗದಿರಲಿ.

ಇಷ್ಟಾದ ಮೇಲೆ ಹಡಗಿನ ಹೊರಮೈಯ ಪ್ಲಿಮ್ಸಾಲ್ ಗೆರೆಗಳ ಚಿತ್ರ ತೋರಿಸಿ. ಅತಿಯಾಗಿ ಸರಕು ಹೇರುವುದನ್ನು ತಡೆಯಲು ಬ್ರಿಟನ್ 1876ರಲ್ಲಿ ಕಾನೂನಿನಿಂದ ಕಡ್ಡಾಯ ಮಾಡಿದ ಗುರುತು ಅದು. ಅದರಲ್ಲಿ ಸಿಹಿನೀರಿನ ಗೆರೆ ಬೇಸಿಗೆ ಸಮುದ್ರದ ಗೆರೆಗಿಂತ ಮೇಲಿರುತ್ತದೆ. ಯಾಕೆ ಎಂದು ಮಕ್ಕಳೇ ಹೇಳುತ್ತಾರೆ.

ಬಂದರಿನ ಪ್ರಯೋಗಕ್ಕೆ ಹೆಚ್ಚು ಸಮಯ ಕೊಡಿ. ಮೂರರಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ. 20 ಗ್ರಾಂ ಜೇಡಿಮಣ್ಣನ್ನು ಪುಡಿ ಮಾಡಿ 1 ಲೀಟರ್ ನೀರಿನಲ್ಲಿ ಚೆನ್ನಾಗಿ ಕದಡಿ, 10 ನಿಮಿಷ ಬಿಡಿ. ಮರಳು ತಳ ಸೇರುತ್ತದೆ. ಮೇಲಿನ ಕೆಸರುನೀರನ್ನು ಮಾತ್ರ ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿಗೆ 400 ಮಿ.ಲೀ.ನಂತೆ ಬಗ್ಗಿಸಿ. ಒಂದಕ್ಕೆ 14 ಗ್ರಾಂ ಉಪ್ಪು ಹಾಕಿ. ಎರಡನ್ನೂ ಹತ್ತು ಸಲ ತಲೆಕೆಳಗು ಮಾಡಿ ಇಟ್ಟುಬಿಡಿ. ಹಿಂದೆ ಗೆರೆ ಎಳೆದ ಹಾಳೆ ನಿಲ್ಲಿಸಿ, 5 ನಿಮಿಷಕ್ಕೊಮ್ಮೆ ಮೇಲಿನ ತಿಳಿನೀರಿನ ಎತ್ತರ ಬರೆದುಕೊಳ್ಳಲಿ. ಉಪ್ಪು ಹಾಕಿದ ಬಾಟಲಿಯಲ್ಲಿ ಸ್ವಲ್ಪ ಹೊತ್ತಿಗೇ ಸಣ್ಣ ಸಣ್ಣ ಚೂರುಗಳು ಕಾಣಿಸಿಕೊಂಡು ಕೆಳಗಿಳಿಯತೊಡಗುತ್ತವೆ. ಇನ್ನೊಂದು ಮಾರನೆಯ ದಿನವೂ ಕದಡಿಕೊಂಡೇ ಇರಬಹುದು.

ಕಾರಣ ಇಷ್ಟು: ಜೇಡಿಮಣ್ಣಿನ ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ತಳ್ಳುತ್ತವೆ, ನೀರಿನಲ್ಲಿ ತೇಲಾಡುತ್ತಲೇ ಇರುತ್ತವೆ. ಉಪ್ಪಿನ ಧನ ಅಯಾನುಗಳು ಆ ತಳ್ಳಾಟವನ್ನು ಮರೆಮಾಡುತ್ತವೆ. ಕಣಗಳು ಹತ್ತಿರ ಬಂದು ಅಂಟಿಕೊಂಡು, ದೊಡ್ಡದಾಗಿ ತಳ ಸೇರುತ್ತವೆ. ಅಳಿವೆಯಲ್ಲೂ ಇದೇ ನಡೆಯುತ್ತದೆ. ಜೊತೆಗೆ ನೀರಿನ ವೇಗವೂ ಅಲ್ಲಿ ತಗ್ಗುತ್ತದೆ. ನದಿ ಹೊತ್ತು ತಂದ ನುಣುಪು ಮಣ್ಣು ಹಡಗು ಓಡಾಡುವ ಕಾಲುವೆಯಲ್ಲೇ ಕೂರುತ್ತದೆ, ಅದಕ್ಕೇ ಇಂಥ ಬಂದರುಗಳಲ್ಲಿ ಹೂಳೆತ್ತುವ ಕೆಲಸ ಮುಗಿಯುವುದೇ ಇಲ್ಲ.

ಇದು ಕೈಕೊಡುವುದು ಹೆಚ್ಚಾಗಿ ನೀರಿನಿಂದ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಉಪ್ಪಿನ ಕೆಲಸವನ್ನು ತಾನೇ ಮಾಡಿಬಿಡುತ್ತದೆ, ಎರಡೂ ಬಾಟಲಿ ತಿಳಿಯಾಗುತ್ತವೆ. ಕೊಳವೆಬಾವಿ ನೀರು ಬೇಡ. ಮಳೆನೀರು ಇಲ್ಲವೇ ಡಿಸ್ಟಿಲ್ಡ್ ವಾಟರ್ ಬಳಸಿ. ಮಣ್ಣು ಬರೀ ಮರಳಾಗಿದ್ದರೂ ವ್ಯತ್ಯಾಸ ಸಿಗದು. ಚೂರುಗಳು ಕೂಡಿಕೊಂಡ ಮೇಲೆ ಬಾಟಲಿಯನ್ನು ಜೋರಾಗಿ ಕುಲುಕಿದರೆ ಮತ್ತೆ ಒಡೆಯುತ್ತವೆ. ಸಮಯವಿದ್ದರೆ ಲೀಟರಿಗೆ 1, 3, 10 ಗ್ರಾಂ ಉಪ್ಪಿನ ಬಾಟಲಿಗಳನ್ನೂ ಸಾಲಾಗಿಡಿ. ಎಷ್ಟು ಕಡಿಮೆ ಉಪ್ಪಿಗೇ ಮಣ್ಣು ಕೂರಲು ಶುರುವಾಗುತ್ತದೆ ಎಂಬುದು ಆಗ ತಿಳಿಯುತ್ತದೆ.

ನದಿಯ ಆರೋಗ್ಯಕ್ಕೆ ಪಿಎಚ್ ಪಟ್ಟಿ (ನೀರು ಆಮ್ಲೀಯವೋ ಕ್ಷಾರೀಯವೋ ತೋರಿಸುವ ಕಾಗದ; 7 ಎಂದರೆ ಎರಡೂ ಅಲ್ಲ) ಒಂದನ್ನೇ ನೆಚ್ಚಿಕೊಳ್ಳಬೇಡಿ. ಚರಂಡಿ ನೀರು ಸೇರಿ ಮೀನು ಸಾಯುತ್ತಿದ್ದರೂ ಪಿಎಚ್ 7ರ ಆಸುಪಾಸಿನಲ್ಲೇ ಇರಬಹುದು. ತೋರಿಸಬೇಕಾದದ್ದು ಆಮ್ಲಜನಕ. 2 ಗ್ರಾಂ ಈಸ್ಟನ್ನು 100 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ 10 ನಿಮಿಷ ನೆನೆಸಿ. 100 ಮಿ.ಲೀ.ನ ಎರಡು ಬಾಟಲಿಗೆ 20 ಮಿ.ಲೀ.ನಂತೆ ಹಾಕಿ, ಒಂದಕ್ಕೆ ಮಾತ್ರ 1 ಗ್ರಾಂ ಸಕ್ಕರೆ ಸೇರಿಸಿ. ಎರಡಕ್ಕೂ ಶೇ. 0.1ರ ಮೆಥಿಲೀನ್ ಬ್ಲೂ 5 ಹನಿ ಬಿಟ್ಟು, ಉಗುರುಬೆಚ್ಚಗಿನ ನೀರು ಕಂಠಪೂರ್ತಿ ತುಂಬಿ, ಗುಳ್ಳೆ ಉಳಿಯದಂತೆ ಮುಚ್ಚಿ. ಆಮ್ಲಜನಕ ಮುಗಿದಂತೆ ನೀಲಿ ಮಾಸುತ್ತದೆ; ಸಕ್ಕರೆ ಹಾಕಿದ್ದು ಬೇಗ, ಹಾಕದ್ದು ತಡವಾಗಿ. ಮುಚ್ಚಳ ತೆಗೆದು ಸ್ವಲ್ಪ ಚೆಲ್ಲಿ, ಮತ್ತೆ ಮುಚ್ಚಿ ಕುಲುಕಿದರೆ ಗಾಳಿ ಸೇರಿ ನೀಲಿ ಮರಳುತ್ತದೆ. ಈಸ್ಟ್ ಹೆಚ್ಚಾದರೆ ಎರಡೂ ಒಟ್ಟಿಗೆ ಮಾಸಿ ವ್ಯತ್ಯಾಸ ಕಾಣಿಸದು, ಆಗ ಅರ್ಧಕ್ಕಿಳಿಸಿ. ಬಟ್ಟೆ, ಬೆರಳಿಗೆ ಈ ಬಣ್ಣ ಹತ್ತಿದರೆ ಸುಲಭಕ್ಕೆ ಹೋಗದು, ಕೈಗವಸು ಹಾಕಿಸಿ.

ಸಕ್ಕರೆಯ ಜಾಗದಲ್ಲಿ ಚರಂಡಿಯ ಕೊಳೆ, ಈಸ್ಟ್‌ನ ಜಾಗದಲ್ಲಿ ಬ್ಯಾಕ್ಟೀರಿಯಾ ಎಂದು ವಿವರಿಸಿ. ನೀರಿನಲ್ಲಿ ಕರಗುವ ಆಮ್ಲಜನಕವೇ ಅಲ್ಪ: ಲೀಟರ್ ಸಿಹಿನೀರಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 9 ಮಿ.ಗ್ರಾಂ., 30 ಡಿಗ್ರಿಯಲ್ಲಿ ಸುಮಾರು 7.5. ಬೇಸಿಗೆಯಲ್ಲಿ ಅದೇ ಕೊಳೆ ಹೆಚ್ಚು ಹಾನಿ ಮಾಡಲು ಇದೂ ಒಂದು ಕಾರಣ.

ನಿಜವಾದ ನದಿಯ ನೀರನ್ನು ಆಮ್ಲಜನಕ ಅಳೆಯುವ ಕಿಟ್‌ನಿಂದ ಪರೀಕ್ಷಿಸುವುದಾದರೆ ಬಾಟಲಿಯನ್ನು ನೀರಿನೊಳಗೇ ತುಂಬಿಸಿ, ಅಲ್ಲೇ ಮುಚ್ಚಿ ತೆಗೆಯಿರಿ; ಮೇಲಿಂದ ಸುರಿದರೆ ಗಾಳಿ ಬೆರೆತು ಅಳತೆ ಸುಳ್ಳಾಗುತ್ತದೆ. ನೀರಿಗಿಳಿಯುವುದು ದೊಡ್ಡವರೇ ಆಗಿರಲಿ. ಪಾಚಿ ಹಸಿರುಗಟ್ಟಿದ ನೀರಾದರೆ ಮಧ್ಯಾಹ್ನದ ಒಂದೇ ಅಳತೆಯನ್ನು ನಂಬಬೇಡಿ: ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿಯಿಡೀ ತಾನೇ ಬಳಸುತ್ತದೆ. ಅತಿ ಕಡಿಮೆ ಇರುವುದು ಸೂರ್ಯೋದಯದ ಹೊತ್ತಿಗೆ. ಸಾಧ್ಯವಾದರೆ ಒಂದು ಅಳತೆ ಆಗ, ಇನ್ನೊಂದು ಮಧ್ಯಾಹ್ನ ಮೂರಕ್ಕೆ ತೆಗೆಸಿ.