ಹಳೇ ರೂಟರ್ ಮಹಡಿಗೆ ಹಾಕ್ತೀರಾ? ಮೊದ್ಲು ವೈರ್ ಎಳೀರಿ

ಪ್ರಶ್ನೆ: ಮನೆಗೆ ಫೈಬರ್ ಬಂತು, ಹೊಸ ಬಾಕ್ಸ್ ಹಾಲ್‌ನಲ್ಲಿ ಕೂರಿಸಿ ಹೋದ್ರು. ಮಹಡಿ ರೂಮಲ್ಲಿ ಸಿಗ್ನಲ್ ಒಂದೇ ಕಡ್ಡಿ. ಅಟ್ಟದಲ್ಲಿದ್ದ ಹಳೇ ರೂಟರ್ ಇಳಿಸಿ ಕೇಬಲ್ ಹಾಕಿದೆ, ಈಗ ಇಡೀ ಮನೇಲಿ ನೆಟ್ ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ. ಅಂಗಡಿಯವ್ರು ಅದನ್ನ ಗುಜರಿಗೆ ಹಾಕಿ ಬೂಸ್ಟರ್ ತಗೊಳ್ಳಿ ಅಂತಾರೆ. ಏನ್ ಮಾಡ್ಲಿ? (ತೀರ್ಥಹಳ್ಳಿಯ ಓದುಗರು)

ಉತ್ತರ: ಮತ್ತೆ ಅದೇ ಪ್ರಶ್ನೆ. ಪ್ರತಿ ತಿಂಗಳೂ ಬರುತ್ತೆ, ಪ್ರತಿ ತಿಂಗಳೂ ಎರಡು ಸಾಲಲ್ಲಿ ಮುಗಿಸ್ತಿದ್ದೆ, ಅದೇ ತಪ್ಪು ಅನ್ಸುತ್ತೆ, ಈ ಸಲ ಪೂರ್ತಿ ಬರೀತೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ತೋರ್ಸಿ.

ನೆಟ್ ಹೋಗಿ ಬಂದು ಮಾಡ್ತಿರೋದು ಯಾಕಂದ್ರೆ ಈಗ ಮನೆಗೆ ಇಬ್ರು ಯಜಮಾನ್ರು. ಹೊಸ ಬಾಕ್ಸೂ ಐಪಿ (ಮನೆಯ ಪ್ರತಿ ಫೋನು, ಟಿವಿಗೆ ಕೊಡೋ ವಿಳಾಸದ ನಂಬರ್) ಹಂಚುತ್ತೆ, ಹಳೇದೂ ಹಂಚುತ್ತೆ, ಎಷ್ಟೋ ಸಲ ಎರಡಕ್ಕೂ ವಿಳಾಸ 192.168.1.1 ಅಂತಲೇ ಇರುತ್ತೆ. ಹಳೇದ್ರ ಹತ್ರ ಐಪಿ ತಗೊಂಡ ಫೋನು ಇಂಟರ್‌ನೆಟ್ ಎಲ್ಲಿ ಅಂತ ಅದನ್ನೇ ಕೇಳುತ್ತೆ, ಅದಕ್ಕೆ ಇಂಟರ್‌ನೆಟ್ಟೇ ಇಲ್ಲ. ರೂಟರ್ ಹಾಳಾಗಿಲ್ಲ ಮಾರಾಯ್ರೆ, ಅದಕ್ಕೆ ಯಜಮಾನಿಕೆ ಬಿಡು ಅಂತ ಯಾರೂ ಹೇಳಿಲ್ಲ ಅಷ್ಟೆ.

ಆ ಕೇಬಲ್ ಕಿತ್ತಾಕಿ. ಹಳೇ ರೂಟರ್‌ನ ರಿಸೆಟ್ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ, ಲ್ಯಾಪ್‌ಟಾಪನ್ನ ಅದಕ್ಕೆ ಮಾತ್ರ ವೈರಲ್ಲಿ ಜೋಡಿಸಿ, ಬ್ರೌಸರಲ್ಲಿ ಅದರ ವಿಳಾಸ ಹೊಡೆದು ಸೆಟ್ಟಿಂಗ್ ಪೇಜ್ ತೆಗೀರಿ. ವೈಫೈ ಹೆಸ್ರು, ಪಾಸ್‌ವರ್ಡ್ ಎರಡೂ ಕೆಳಗಿನ ಹೊಸ ಬಾಕ್ಸಿಂದೇ ಕೊಡಿ, ಸೆಕ್ಯುರಿಟಿ ಅನ್ನೋ ಕಡೆ ಡಬ್ಲ್ಯೂಪಿಎ2 ಎಇಎಸ್ (WPA2-AES) ಆರಿಸಿ. ಆಮೇಲೆ ಲ್ಯಾನ್ ಐಪಿ, ಅಂದ್ರೆ ಮನೆಯೊಳಗೆ ಈ ರೂಟರ್‌ನ ವಿಳಾಸ, ಬದಲಾಯಿಸಿ. ಕೆಳಗಿನದು 192.168.1.1 ಆದ್ರೆ ಇದಕ್ಕೆ 192.168.1.2, ಜಿಯೋ ಬಾಕ್ಸ್ ಆಗಿ 192.168.29.1 ಇದ್ರೆ ಇದಕ್ಕೆ 192.168.29.2. ಹೊಸ ಬಾಕ್ಸ್ 2ರಿಂದಲೇ ಐಪಿ ಹಂಚೋಕೆ ಶುರು ಮಾಡ್ತಿದ್ರೆ ಅದನ್ನ 10ರಿಂದ ಶುರು ಮಾಡ್ಸಿ, ಇಲ್ಲಾಂದ್ರೆ ಯಾವತ್ತೋ ಒಂದಿನ ನಿಮ್ಮ ಟಿವಿಗೂ ರೂಟರ್‌ಗೂ ಒಂದೇ ನಂಬರ್ ಬಿದ್ದು ಮತ್ತೆ ನನಗೇ ಬರೀತೀರಿ. ಈಗ ಲ್ಯಾಪ್‌ಟಾಪ್ ವೈರ್ ಒಮ್ಮೆ ತೆಗ್ದು ಹಾಕಿ, ಹೊಸ ನಂಬರಲ್ಲಿ ಒಳಗೆ ಹೋಗಿ, ಡಿಎಚ್‌ಸಿಪಿ (DHCP, ಐಪಿ ಹಂಚೋ ಕೆಲ್ಸ) ಆಫ್ ಮಾಡಿ. ಇದು ಕೊನೇ ಕೆಲ್ಸ, ಕೊನೇಗೇ ಮಾಡಿ. ಮೊದ್ಲೇ ಆಫ್ ಮಾಡ್ಕೊಂಡು ಪೇಜ್ ಓಪನ್ ಆಗ್ತಿಲ್ಲ, ರೂಟರ್ ಸತ್ತೋಯ್ತು ಅಂತ ಗಾಬರಿ ಬೀಳೋರೇ ಜಾಸ್ತಿ.

ಇನ್ನು ಕೇಬಲ್. ಹೊಸ ಬಾಕ್ಸಿನ ಲ್ಯಾನ್ ಪೋರ್ಟಿಂದ ಹಳೇದ್ರ ಲ್ಯಾನ್ ಪೋರ್ಟಿಗೆ. ಬೇರೆ ಬಣ್ಣದ್ದು ಒಂಟಿ ಪೋರ್ಟ್ ಇರುತ್ತಲ್ಲ, ವ್ಯಾನ್ (WAN), ಹೊರಗಿನ ಇಂಟರ್‌ನೆಟ್ ಒಳಗೆ ಬರೋದು, ಅದಕ್ಕಲ್ಲ. ವ್ಯಾನ್‌ಗೆ ಹಾಕಿದ್ರೂ ಬರುತ್ತೆ ಸಾರ್ ಅಂತ ವಾದ ಮಾಡೋರಿದಾರೆ. ಡಿಎಚ್‌ಸಿಪಿ ಆಫ್ ಮಾಡದೇ ಹಾಕಿದ್ರೆ ಬರಬಹುದು, ಆದ್ರೆ ಮಹಡಿ ಬೇರೆ ಮನೆ ಆಗುತ್ತೆ, ಮೇಲಿನ ಫೋನಿಗೆ ಕೆಳಗಿನ ಪ್ರಿಂಟರ್ ಕಾಣಲ್ಲ, ಫೋನಿನ ವಿಡಿಯೋ ಟಿವಿಗೆ ಕಾಸ್ಟ್ ಆಗಲ್ಲ. ಸ್ವಲ್ಪ ಹೊಸ ರೂಟರ್‌ಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಯಜಮಾನಿಕೆ ಬಿಟ್ಟು ಬರೀ ವೈಫೈ ಕೊಡೋದು) ಅಂತಲೇ ಇರುತ್ತೆ, ಇದ್ರೆ ಅದನ್ನ ಒತ್ತಿ, ವೈಫೈ ಹೆಸ್ರು, ಪಾಸ್‌ವರ್ಡ್ ಕೊಟ್ರೆ ಮುಗೀತು, ಆಗ ಮೇಲೆ ಬರ್ದ ಐಪಿ, ಡಿಎಚ್‌ಸಿಪಿ ಕೆಲ್ಸ ಬೇಡ. ಅಟ್ಟದಲ್ಲಿರೋದು ಬಿಎಸ್‌ಎನ್‌ಎಲ್ ಟೆಲಿಫೋನ್ ಲೈನ್ ಕಾಲದ ವೈಫೈ ಮೋಡೆಮ್ ಆದ್ರೂ ನಡೆಯುತ್ತೆ, ಫೋನ್ ವೈರಿನ ಸಾಕೆಟ್ ಖಾಲಿ ಬಿಡಿ, ಉಳಿದಿದ್ದೆಲ್ಲಾ ಇದೇ ಥರ.

ಎರಡು ರೂಟರ್‌ಗೂ ಚಾನೆಲ್ (ವೈಫೈ ಓಡೋ ರೇಡಿಯೋ ದಾರಿ) ಬೇರೆ ಇರ್ಲಿ. 2.4 ಗಿಗಾಹರ್ಟ್ಸಲ್ಲಿ ಒಂದರ ಮೇಲೊಂದು ಹತ್ತದೇ ಇರೋದು 1, 6, 11, ಇವು ಮೂರೇ. ಕೆಳಗೆ 1 ಇದ್ರೆ ಮೇಲೆ 6 ಅಥವಾ 11. ಎರಡರ ಮಧ್ಯ ಇರ್ಲಿ ಅಂತ 3 ಇಟ್ರೆ ಎರಡು ಕಡೆಯ ಗಲಾಟೆನೂ ನಿಮಗೇ.

ಸ್ಪೀಡ್ ಬಗ್ಗೆ ಆಸೆ ಜಾಸ್ತಿ ಇಟ್ಕೋಬೇಡಿ. ಹಳೇ ರೂಟರ್ ಡಬ್ಬದ ಮೇಲೆ 300 ಅಂತ ದಪ್ಪಗೆ ಬರ್ದಿರುತ್ತೆ, ಆದ್ರೆ ಅಂಥ ಹೆಚ್ಚಿನವುಗಳ ಪೋರ್ಟೇ 100 ಎಂಬಿಪಿಎಸ್‌ದು, ಅದಕ್ಕಿಂತ ಜಾಸ್ತಿ ಎಲ್ಲಿಂದ ಬರ್ಬೇಕು? ವಿಡಿಯೋ ಕಾಲಿಗೆ, ಮಕ್ಕಳ ಕ್ಲಾಸಿಗೆ ಧಾರಾಳ.

ಲ್ಯಾನ್ ಕೇಬಲಲ್ಲಿ ಕ್ಯಾಟ್5ಇ ಅನ್ನೋ ದರ್ಜೆ ಸಾಕು, 100 ಮೀಟರ್ ತನಕ ನಡೆಯುತ್ತೆ, ಆದ್ರೆ ಒಳಗೆ ಪೂರ್ತಿ ತಾಮ್ರ ಇರ್ಬೇಕು. ಅಗ್ಗಕ್ಕೆ ಸಿಗೋದ್ರಲ್ಲಿ ಎಷ್ಟೋ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪ ಮಾಡಿದ್ದು, ನಾಲ್ಕು ಸಲ ಬಗ್ಗಿಸಿದ್ರೆ ಮುರಿಯುತ್ತೆ. ಕರೆಂಟ್ ವೈರ್ ಹೋಗಿರೋ ಪೈಪಲ್ಲೇ ಇದನ್ನೂ ತೂರ್ಸೋಣ ಅಂತ ಎಲೆಕ್ಟ್ರಿಷಿಯನ್ ಹೇಳಿದ್ರೆ ಬೇಡ ಅನ್ನಿ, 230 ವೋಲ್ಟ್ ಜೊತೆ ಸಂಸಾರ ಬೇಡ.

ಕೇಬಲ್ ಎಳೆಯೋಕಾಗಲ್ಲ, ಹಳೇ ರೂಟರನ್ನ ರಿಪೀಟರ್ (ವೈರ್ ಇಲ್ದೆ ಸಿಗ್ನಲ್ ಹಿಡಿದು ಮುಂದಕ್ಕೆ ಕಳ್ಸೋದು) ಮಾಡ್ಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ಗೊತ್ತು. ಮಾಡ್ಬಹುದು. ಒಂದೇ ರೇಡಿಯೋ ಕೇಳ್ಬೇಕು, ಅದೇ ಮತ್ತೆ ಹೇಳ್ಬೇಕು, ಸ್ಪೀಡ್ ಅರ್ಧಕ್ಕೆ ಇಳಿಯುತ್ತೆ. ಅದನ್ನೂ ತಗೊಂಡೋಗಿ ಸಿಗ್ನಲ್ ಇಲ್ಲದ ರೂಮಲ್ಲೇ ಇಡ್ತಾರೆ. ಒಂದು ಕಡ್ಡಿ ಸಿಗೋ ಜಾಗದಲ್ಲಿ ಇಟ್ರೆ ಅದು ಆ ಒಂದು ಕಡ್ಡಿನೇ ಹಂಚೋದು. ಇಡೋದಾದ್ರೆ ದಾರಿ ಮಧ್ಯ, ಮೆಟ್ಟಿಲ ಹತ್ರ ಇಡಿ. ನಿಮ್ಮ ಅಂಗಡಿಯವ್ರು ಹೇಳೋ ಬೂಸ್ಟರೂ ಬಹುಪಾಲು ಇದೇ ರಿಪೀಟರ್, ಡಬ್ಬ ಹೊಸದು ಅಷ್ಟೆ.

ಒಂದು ವಿಷ್ಯದಲ್ಲಿ ಮಾತ್ರ ನಾನು ಪುಕ್ಕಲ. ಮನೆಯಿಂದ ಕೊಟ್ಟಿಗೆಗೋ ಅಡಿಕೆ ಗೋಡೌನಿಗೋ ಬಯಲಲ್ಲಿ ಲ್ಯಾನ್ ಕೇಬಲ್ ಎಳೀಬೇಡಿ. ನಾನೇ ಎಳೆದಿದ್ದೆ, ಸುಮಾರು 40 ಮೀಟರ್, ತೆಂಗಿನಮರಕ್ಕೆ ಕಟ್ಟಿ. ಮೇ ತಿಂಗಳ ಒಂದು ಸಂಜೆ ಎಲ್ಲೋ ಹತ್ರದಲ್ಲೇ ಸಿಡಿಲು ಬಡೀತು, ಮರಕ್ಕೆ ಏನೂ ಆಗಿಲ್ಲ, ಎರಡು ಕಡೆಯ ರೂಟರೂ ಹೋಯ್ತು, ಅದಕ್ಕೆ ವೈರಲ್ಲಿ ಕೂತಿದ್ದ ಟಿವಿಯ ಪೋರ್ಟೂ ಹೋಯ್ತು. ಸಿಡಿಲು ನೇರ ಬೀಳ್ಬೇಕಂತಿಲ್ಲ, ಉದ್ದದ ತಾಮ್ರ ಸಿಕ್ರೆ ಸಾಕು. ಈಗ ಅಲ್ಲಿ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರ್ ಬೆಳಕನ್ನೂ ಲ್ಯಾನ್ ಸಿಗ್ನಲನ್ನೂ ಅದಲು ಬದಲು ಮಾಡೋ ಡಬ್ಬಿ) ಹಾಕಿದೀನಿ, ಗಾಜಿನೊಳಗೆ ಕರೆಂಟ್ ಹರಿಯಲ್ಲ. ಮಲೆನಾಡಲ್ಲಿರೋರು ಇದನ್ನ ತಮಾಷೆ ಅನ್ಕೋಬೇಡಿ.

ಪ್ರಶ್ನೆ: ಆಂಟೆನಾ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಕಟ್ಟಿದ್ರೆ ಸಿಗ್ನಲ್ ಜಾಸ್ತಿ ಆಗುತ್ತಂತೆ?
ಉತ್ತರ: ಮುಂದಕ್ಕೆ ಸ್ವಲ್ಪ ಜಾಸ್ತಿ, ಹಿಂದಕ್ಕೆ ಕಮ್ಮಿ, ಹಿಂದಿನ ರೂಮಿನೋರ ಹತ್ರ ಬೈಸ್ಕೊಳ್ಳೋಕೆ ರೆಡಿ ಇದ್ರೆ ಕಟ್ಟಿ.

ಪ್ರಶ್ನೆ: ವೈಫೈ ಬೂಸ್ಟರ್ ಆ್ಯಪ್ ಯಾವುದು ಒಳ್ಳೇದು?
ಉತ್ತರ: ಡಿಲೀಟ್ ಮಾಡಿದ್ದು.

ಪ್ರಶ್ನೆ: ಹಳೇ ರೂಟರ್‌ಗೆ ಅಪ್‌ಡೇಟ್ ನಿಂತೋಗಿದೆ, ಹ್ಯಾಕ್ ಆಗಲ್ವಾ?
ಉತ್ತರ: ಮೇಲೆ ಹೇಳಿದ ಹಾಗೆ ಹಾಕಿದ್ರೆ ಅದು ಹೊಸ ಬಾಕ್ಸಿನ ಹಿಂದೆ ಇರುತ್ತೆ, ಬೀದಿಗೆ ಮುಖ ಕೊಡಲ್ಲ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಡಬ್ಲ್ಯೂಪಿಎಸ್ (WPS, ಗುಂಡಿ ಒತ್ತಿ ಇಲ್ಲಾ ಪಿನ್ ನಂಬರ್ ಕೊಟ್ಟು ವೈಫೈಗೆ ಸೇರೋದು) ಆಫ್ ಮಾಡಿ. ಡಬ್ಲ್ಯೂಪಿಎ2 ಇಲ್ಲವೇ ಇಲ್ಲ, ಬರೀ ಹಳೇ ಕಾಲದ ದುರ್ಬಲ ಡಬ್ಲ್ಯೂಇಪಿ (WEP) ಸೆಕ್ಯುರಿಟಿ ಅಂದ್ರೆ ಮಾತ್ರ ಇ-ವೇಸ್ಟಿಗೆ ಕೊಡಿ.

ಪ್ರಶ್ನೆ: ಹಳೇ ರೂಟರ್‌ದು ಅಡಾಪ್ಟರ್ ಕಳೆದೋಗಿದೆ, ಸೆಟ್ ಟಾಪ್ ಬಾಕ್ಸ್‌ದು ಪಿನ್ ಸರಿಯಾಗಿ ಕೂತ್ಕೊಳ್ಳುತ್ತೆ, ಹಾಕ್ಲಾ?
ಉತ್ತರ: ಪಿನ್ ಎಲ್ಲದ್ರಲ್ಲೂ ಕೂತ್ಕೊಳ್ಳುತ್ತೆ. ಕೆಲವು ರೂಟರ್‌ಗೆ 5 ವೋಲ್ಟ್, ಕೆಲವಕ್ಕೆ 9, ಕೆಲವಕ್ಕೆ 12. ತಳದ ಸ್ಟಿಕ್ಕರ್ ಓದಿ, ವೋಲ್ಟ್ ಅಷ್ಟೇ ಇರ್ಬೇಕು, ಪ್ಲಸ್ ಮೈನಸ್ ಗುರುತು ಹೊಂದ್ಬೇಕು, ಆಂಪಿಯರ್ ಜಾಸ್ತಿ ಇದ್ರೆ ಅಡ್ಡಿಯಿಲ್ಲ. ಸ್ಟಿಕ್ಕರ್ ಅಳಿಸಿ ಹೋಗಿದ್ರೆ ಮಾಡೆಲ್ ನಂಬರ್ ಹುಡುಕಿ ನೋಡಿ, ಅಲ್ಲೀ ತನಕ ಪ್ಲಗ್ಗಿಗೆ ಹಾಕ್ಬೇಡಿ.