ಇ-ಪುಸ್ತಕದ ಬೆಲೆ ಮುದ್ರಿತ ಪ್ರತಿಗಿಂತ ಹೆಚ್ಚಿರುವುದೇಕೆ, ಅದು ತಡವಾಗಿ ಬರುವುದೇಕೆ?

ಕಾಗದ, ಮುದ್ರಣ, ಸಾಗಣೆ ಯಾವುದರ ಖರ್ಚೂ ಇಲ್ಲದ ಇ-ಪುಸ್ತಕ ಕೆಲವೊಮ್ಮೆ ಮುದ್ರಿತ ಪ್ರತಿಗಿಂತ ದುಬಾರಿಯಾಗಿರುವುದೇಕೆ, ಅದೂ ಮುದ್ರಿತ ಪುಸ್ತಕ ಬಂದು ತಿಂಗಳುಗಳಾದ ಮೇಲೆ ಬಿಡುಗಡೆಯಾಗುವುದೇಕೆ ಎಂದು ಕೇಳಿದ್ದೀರಿ. ಪುಸ್ತಕಗಳ ಕರಡು ತಿದ್ದುವ, ಪುಟವಿನ್ಯಾಸ ಮಾಡುವ ಕೆಲಸದಲ್ಲಿರುವ ನನ್ನನ್ನೂ ಈ ಪ್ರಶ್ನೆ ಬಹಳ ಕಾಡಿದೆ.

ಪುಸ್ತಕದ ಬೆಲೆಯಲ್ಲಿ ಕಾಗದ, ಮುದ್ರಣ, ಬೈಂಡಿಂಗ್‌ಗೆ ಹೋಗುವ ಪಾಲು ಓದುಗರು ಎಣಿಸುವಷ್ಟು ದೊಡ್ಡದಲ್ಲ. ಲೇಖಕರ ಗೌರವಧನ, ಸಂಪಾದನೆ, ಮುಖಪುಟ, ಪ್ರಚಾರ, ಮಾರಾಟಗಾರರ ಕಮಿಷನ್ ಎರಡೂ ರೂಪಗಳಿಗೆ ಬೇಕೇ ಬೇಕು. ಮುದ್ರಣಕ್ಕೆ ಕಳುಹಿಸಿದ ಪಿಡಿಎಫ್ ಅನ್ನು ಹಾಗೆಯೇ ಏರಿಸಿದರೆ ಒಳ್ಳೆಯ ಇ-ಪುಸ್ತಕವೂ ಆಗುವುದಿಲ್ಲ. ಓದುವವರು ಅಕ್ಷರದ ಗಾತ್ರ ಬದಲಿಸಿದಂತೆಲ್ಲ ಪುಟವೇ ಬದಲಾಗುವುದರಿಂದ ಅಡಿಟಿಪ್ಪಣಿಗೆ ನಿಲ್ಲಲು ‘ಅಡಿ’ ಎಂಬುದೇ ಇರುವುದಿಲ್ಲ. ಒಂದೊಂದು ಟಿಪ್ಪಣಿಗೂ ಕೊಂಡಿ ಹಾಕಬೇಕು, ಸಾಲಿನ ಕೊನೆಯಲ್ಲಿ ಕೈಯಾರೆ ಮುರಿದಿದ್ದ ಪದಗಳನ್ನು ಹುಡುಕಿ ಕೂಡಿಸಬೇಕು, ಕೋಷ್ಟಕಗಳನ್ನು ಹೊಸದಾಗಿ ಕಟ್ಟಬೇಕು. ಆದರೂ ಈ ಕೆಲಸ ಒಮ್ಮೆ ಮುಗಿದರೆ ಸಾವಿರನೆಯ ಪ್ರತಿಗೆ ಹೊಸ ಖರ್ಚು ಬಹುತೇಕ ಇಲ್ಲವಾದ್ದರಿಂದ, ಬೆಲೆ ಸ್ವಲ್ಪವಾದರೂ ಕಡಿಮೆಯಿರಬೇಕೆಂಬ ನಿಮ್ಮ ನಿರೀಕ್ಷೆ ನ್ಯಾಯವಾದದ್ದೇ.

ನಿಜವಾದ ಕಾರಣ, ಬೆಲೆಯನ್ನು ಯಾರು ನಿಗದಿ ಮಾಡುತ್ತಾರೆ ಎಂಬುದರಲ್ಲಿದೆ. 2007ರಲ್ಲಿ ಇ-ಪುಸ್ತಕ ಓದುವ ಸಾಧನ ಕಿಂಡಲ್ ಅನ್ನು ತಂದಾಗ ಅಮೆಜಾನ್ ಅಮೆರಿಕದಲ್ಲಿ ಅನೇಕ ಹೊಸ ಪುಸ್ತಕಗಳನ್ನು, ಪ್ರಕಾಶಕರಿಗೆ ತಾನು ಕೊಡುವುದಕ್ಕಿಂತಲೂ ಕಡಿಮೆಗೆ, 9.99 ಡಾಲರಿಗೆ ಮಾರುತ್ತಿತ್ತು. ಇದರಿಂದ ಮೊದಲು ಬರುವ ದುಬಾರಿ ಗಟ್ಟಿ ರಟ್ಟಿನ ಆವೃತ್ತಿಯನ್ನು ಕೇಳುವವರೇ ಇಲ್ಲವಾದಾರೆಂದು ಹೆದರಿದ ಕೆಲವು ದೊಡ್ಡ ಪ್ರಕಾಶಕರು 2009ರ ಕೊನೆಯಲ್ಲಿ ಆಯ್ದ ಇ-ಪುಸ್ತಕಗಳನ್ನು ಕೆಲವು ತಿಂಗಳು ತಡೆಹಿಡಿಯುವುದಾಗಿ ಹೇಳಿದರು. 2010ರಲ್ಲಿ ಆ್ಯಪಲ್‌ನ ಐಪ್ಯಾಡ್ ಜೊತೆಗೆ ಇನ್ನೊಂದು ಪದ್ಧತಿ ಬಂತು: ಬೆಲೆ ಪ್ರಕಾಶಕರದು, ಅದರಲ್ಲಿ ಶೇ. 30 ಮಾರಾಟಗಾರರದು. ಅನೇಕ ಹೊಸ ಇ-ಪುಸ್ತಕಗಳ ಬೆಲೆ 12.99, 14.99 ಡಾಲರಿಗೆ ಏರಿತು. 2012ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಆ್ಯಪಲ್ ಮತ್ತು ಐದು ಪ್ರಕಾಶಕರು ಒಳಗೊಳಗೇ ಕೂಡಿ ಬೆಲೆ ಏರಿಸಿದರೆಂದು ಅವರ ಮೇಲೆ ಮೊಕದ್ದಮೆ ಹೂಡಿತು. ಪ್ರಕಾಶಕರು ರಾಜಿಯಾದರು, 2013ರಲ್ಲಿ ತೀರ್ಪು ಆ್ಯಪಲ್ ವಿರುದ್ಧ ಬಂತು. ಆದರೆ ತಪ್ಪೆಂದು ಕಂಡದ್ದು ಒಳಸಂಚು, ಆ ಪದ್ಧತಿಯಲ್ಲ. ಹಾಗಾಗಿ ದೊಡ್ಡ ಪ್ರಕಾಶಕರು ಮುಂದೆ ಪ್ರತ್ಯೇಕ ಒಪ್ಪಂದಗಳ ಮೂಲಕ ಅದಕ್ಕೇ ಮರಳಿದರು. ಮುದ್ರಿತ ಪ್ರತಿಯನ್ನು ಮಾತ್ರ ಅಂಗಡಿಯವರು ಸಗಟು ದರದಲ್ಲಿ ಕೊಂಡು, ತಮಗೆ ತೋಚಿದಷ್ಟು ರಿಯಾಯಿತಿಯಲ್ಲಿ ಮಾರುತ್ತಾರೆ. ಒಂದೇ ಪರದೆಯ ಮೇಲೆ ಪೇಪರ್‌ಬ್ಯಾಕ್ (ಆಮೇಲೆ ಬರುವ ಮೆದು ರಟ್ಟಿನ ಆವೃತ್ತಿ) ಅಗ್ಗವಾಗಿಯೂ ಇ-ಪುಸ್ತಕ ದುಬಾರಿಯಾಗಿಯೂ ನಿಮಗೆ ಕಾಣುವುದು ಹೀಗೆ.

ತಡಮಾಡುವುದರಿಂದ ಪ್ರಕಾಶಕರಿಗೆ ಲಾಭವಿದೆಯೆಂದು ನನಗೆ ಅನ್ನಿಸುವುದಿಲ್ಲ. 2010ರಲ್ಲಿ ಒಂದು ಪ್ರಕಾಶನ ಸಂಸ್ಥೆಯ ಹೊಸ ಪುಸ್ತಕಗಳು ವಿವಾದವೊಂದರಿಂದಾಗಿ ಕೆಲವು ವಾರ ಕಿಂಡಲ್‌ಗೆ ತಡವಾಗಿ ಬಂದವು. ಆ ಅಂಕಿಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಕಂಡದ್ದು, ಇ-ಪುಸ್ತಕದ ಮಾರಾಟ ಬಹಳ ಕುಸಿಯಿತು, ಮುದ್ರಿತ ಪ್ರತಿಯ ಮಾರಾಟ ಹೇಳಿಕೊಳ್ಳುವಷ್ಟು ಏರಲಿಲ್ಲ ಎಂಬುದು. ಪರದೆಯಲ್ಲಿ ಓದುವ ರೂಢಿಯವರು ಪುಸ್ತಕದ ಸುದ್ದಿ ಬಿಸಿಯಾಗಿರುವಾಗ ಅದು ಸಿಗದಿದ್ದರೆ ಬೇರೆ ಪುಸ್ತಕಕ್ಕೆ ಹೋಗುತ್ತಾರೆ. ಚಿಕ್ಕ ಪ್ರಕಾಶಕರು ತಡಮಾಡುವುದಕ್ಕೆ ಹೆಚ್ಚಾಗಿ ನಕಲಿನ ಭಯವೇ ಕಾರಣ. ಆದರೆ ಮುದ್ರಿತ ಪುಸ್ತಕವನ್ನು ಸ್ಕ್ಯಾನ್ ಮಾಡಿ ಹಂಚುವವರು ಅಧಿಕೃತ ಇ-ಪುಸ್ತಕಕ್ಕಾಗಿ ಕಾಯುವುದಿಲ್ಲ, ಅಷ್ಟು ದಿನ ಹಣ ಕೊಡಲು ಸಿದ್ಧವಿರುವ ಓದುಗನಿಗೆ ಮಾತ್ರ ದಾರಿಯಿರುವುದಿಲ್ಲ.

ಇನ್ನೊಂದು ವಿಷಯವೂ ಬೆಲೆಗೆ ಸೇರಬೇಕು. ಮುದ್ರಿತ ಪ್ರತಿಯನ್ನು ನೀವು ಓದಿ ಸ್ನೇಹಿತರಿಗೆ ಕೊಡಬಹುದು, ಮಾರಬಹುದು. ಇ-ಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗುವುದು ಓದುವ ಪರವಾನಗಿ ಮಾತ್ರ. ಬಳಸಿದ ಇ-ಪುಸ್ತಕಗಳ ಮರುಮಾರಾಟಕ್ಕೆ ಹಕ್ಕುದಾರರ ಅನುಮತಿ ಬೇಕೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯವೂ 2019ರಲ್ಲಿ ಹೇಳಿದೆ. ಆದ್ದರಿಂದ ಎರಡೂ ರೂಪಗಳು ಒಂದೇ ದಿನ ಬರಬೇಕು, ಪೇಪರ್‌ಬ್ಯಾಕ್ ಬಂದ ದಿನ ಇ-ಪುಸ್ತಕದ ಬೆಲೆಯೂ ಅದಕ್ಕಿಂತ ಕೆಳಗಿಳಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆಲವು ಪ್ರಕಾಶಕರು ಈಗಲೂ ಹಾಗೆ ಇಳಿಸುತ್ತಾರೆ. ನಿಮಗೆ ಬೇಕಾದ ಪುಸ್ತಕ ಇನ್ನೂ ಗಟ್ಟಿ ರಟ್ಟಿನಲ್ಲಷ್ಟೇ ಇದ್ದು, ಕಾಯುವ ತಾಳ್ಮೆಯಿದ್ದರೆ, ಪೇಪರ್‌ಬ್ಯಾಕ್ ಬರುವ ದಿನವನ್ನು ಗುರುತು ಹಾಕಿಕೊಂಡು ಅಂದು ಇನ್ನೊಮ್ಮೆ ಬೆಲೆ ನೋಡಿ.